ಸಿ.ಡಿ. ಕೇಳಿದ ಕನ್ನಡ

ಕಲಬುರಗಿಯ ಡಿ.ಟಿ.ಪಿ. ಅಂಗಡಿಯಲ್ಲಿ ಟೈಪಾದ ಸಾಲದ ಅರ್ಜಿಯೊಂದು ಫ್ಲಾಪಿಯಲ್ಲಿ ಬೀದರ್ ಹಾದಿಯ ಕಮಲಾಪುರಕ್ಕೆ ಹೋಯಿತೆನ್ನಿ. ಅಲ್ಲಿನ ಗಣಕದಲ್ಲಿ 'ನುಡಿ' ಇಲ್ಲದಿದ್ದರೆ ಕೆಂಪು ಬಾಳೆ ಬೆಳೆಗಾರನ ಹೆಸರು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! 2000ದ ದಶಕದ ಆರಂಭದಲ್ಲಿ ಇಂಥ ಫಜೀತಿ ಮಾಮೂಲು.

ತಂತ್ರಾಂಶಗಳಿಗೇನೂ ಕೊರತೆಯಿರಲಿಲ್ಲ. ಶೇಷಾದ್ರಿವಾಸು ಅವರ 'ಬರಹ' 1998ರಲ್ಲೇ ಬಂದಿತ್ತು. ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂತು. ತೊಡಕಿದ್ದದ್ದು ಅಳವಡಿಕೆಯಲ್ಲಿ. 2001ರ ವಿಂಡೋಸ್ ಎಕ್ಸ್‌ಪಿಯನ್ನೇ ನೋಡಿ. ಯೂನಿಕೋಡ್ ಕನ್ನಡ ಅದರಲ್ಲಿತ್ತು, ಬೀಗ ಹಾಕಿಟ್ಟಂತೆ. ಕಂಟ್ರೋಲ್ ಪ್ಯಾನೆಲ್ ಹೊಕ್ಕು, ಭಾಷೆಗಳ ಪುಟ ಹುಡುಕಿ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂಬಲ್ಲಿ ಗುರುತು ಹಾಕಬೇಕು. ಹಾಕಿದೊಡನೆ ಅದು ಮೂಲ ಸಿ.ಡಿ. ಕೇಳುತ್ತಿತ್ತು! ಅಂಗಡಿಯವರು ಜೋಡಿಸಿಕೊಟ್ಟ ಗಣಕಕ್ಕೆ ಸಿ.ಡಿ. ಎಲ್ಲಿಂದ ತರುವುದು? ಫಾಂಟನ್ನಷ್ಟೇ ಹಾಕಿಕೊಂಡರೆ ಒತ್ತಕ್ಷರ ಕೂಡುತ್ತಿರಲಿಲ್ಲ. ಗುಲ್ಬರ್ಗಾ 'ಗುಲ್‌ಬರ್‌ಗಾ' ಆಗುತ್ತಿತ್ತು. (2014ರಲ್ಲಿ ಊರು ಅಧಿಕೃತವಾಗಿ ಕಲಬುರಗಿಯಾಗಿ ಒತ್ತುಗಳೇ ಹೋದವು, ಆ ಮಾತು ಬೇರೆ.)

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾಗೆ ಆ ಗುರುತೂ ಬೇಕಿರಲಿಲ್ಲ, ಸಿ.ಡಿ.ಯೂ ಬೇಕಿರಲಿಲ್ಲ. ಬಳಕೆದಾರ ಏನನ್ನೂ ಅಳವಡಿಸದೆಯೇ ಕನ್ನಡ ಓದುವಂತಾದ. ಹಳೆಯ 'ನುಡಿ' ಕಡತಗಳಿಗೆ ಮಾತ್ರ ಇಂದಿಗೂ ಯೂನಿಕೋಡ್ ಪರಿವರ್ತಕವೇ ಗತಿ.