ಸುರಪುರದ ಟೇಲರ್: ಕತ್ತಿಯಿಂದ ಕಾನೂನಿಗೆ, ಕಾನೂನಿನಿಂದ ಜನರಿಗೆ

ಸುರಪುರದ ಗುಡ್ಡದ ಮೇಲೆ ನಿಂತಿರುವ ಟೇಲರ್ ಮಂಜಿಲ್ ಬಹಳ ಮಂದಿಗೆ ಗೊತ್ತು. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರನ ಬದುಕು ಗೊತ್ತಿರುವವರು ಕಡಿಮೆ. ಸಿಪಾಯಿಗಳ ನಡುವೆ ಉದ್ಯೋಗ ಆರಂಭಿಸಿ, ಕಾನೂನನ್ನು ಸ್ವಂತವಾಗಿ ಕಲಿತು, ಒಂದು ಸಂಸ್ಥಾನದ ಆಡಳಿತವನ್ನೇ ಹೊತ್ತ ಮನುಷ್ಯ ಅವನು.

1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್, ಹದಿನೈದರ ವಯಸ್ಸಿನಲ್ಲಿ ವ್ಯಾಪಾರಿಯೊಬ್ಬನ ಗುಮಾಸ್ತನಾಗಲು ಮುಂಬಯಿಗೆ ಹಡಗು ಹತ್ತಿದ. ಆ ವ್ಯಾಪಾರಿಯೇ ನಷ್ಟದಲ್ಲಿದ್ದ. 1824ರಲ್ಲಿ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅಧಿಕಾರಿಯ ಹುದ್ದೆ ಸಿಕ್ಕಿತು. ಕಾಲೇಜು ಕಾಣದ ಹುಡುಗ ಹಿಂದೂಸ್ತಾನಿ, ಪರ್ಷಿಯನ್, ಮರಾಠಿ ಕಲಿತ. ಬೇಗನೆ ಸೇನೆಯಿಂದ ನಾಗರಿಕ ಕೆಲಸಕ್ಕೆ ಬಂದು ಪೊಲೀಸ್ ಅಧಿಕಾರ ನಡೆಸಿದ. ಕಾನೂನು, ಭೂಮಾಪನ, ಭೂವಿಜ್ಞಾನಗಳನ್ನು ಯಾರ ಪಾಠವೂ ಇಲ್ಲದೆ ಓದಿಕೊಂಡ. ದಾರಿಹೋಕರನ್ನು ಕೊಲ್ಲುತ್ತಿದ್ದ ಥಗ್ಗರ ಹೇಳಿಕೆಗಳನ್ನು ಹತ್ತಿರದಿಂದ ಕೇಳಿದ ಅನುಭವ 1839ರಲ್ಲಿ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಾಯಿತು. ಇಂಗ್ಲೆಂಡಿನಲ್ಲಿ ಅವನ ಹೆಸರು ಮನೆಮಾತಾಯಿತು.

ಅವನ ನಿಜವಾದ ಪರೀಕ್ಷೆ ನಡೆದದ್ದು ಸುರಪುರದಲ್ಲಿ. ಬೇಡ ನಾಯಕರ ಈ ಸಂಸ್ಥಾನ ಕಪ್ಪಕಾಣಿಕೆಯ ಬಾಕಿ ಮತ್ತು ಅರಮನೆಯ ಒಳಜಗಳದಿಂದ ನಲುಗಿತ್ತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಬಾಲಕ. 1841ರಲ್ಲಿ ಇಲ್ಲಿಗೆ ಬಂದ ಟೇಲರ್, 1853ರವರೆಗೆ ಬೇರೆ ಯುರೋಪಿಯನ್ನರ ನೆರವಿಲ್ಲದೆ ಆಡಳಿತ ನೋಡಿಕೊಂಡ. ಲೆಕ್ಕಪತ್ರ ಸರಿಪಡಿಸಿದ, ಕಂದಾಯಕ್ಕೆ ಕ್ರಮ ತಂದ, ವ್ಯಾಜ್ಯಗಳನ್ನು ತಾನೇ ಕುಳಿತು ಕೇಳಿದ, ಕೆರೆಗಳ ಕೆಲಸ ಮಾಡಿಸಿದ. ಇಂದು ವಲಸೆ ಹಕ್ಕಿಗಳಿಗೆ ಹೆಸರಾದ ಬೋನಾಳ ಕೆರೆಯ ಜೊತೆಗೂ ಅವನ ಹೆಸರು ಬೆಸೆದುಕೊಂಡಿದೆ. ಬಾಲಕ ದೊರೆ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ.

ಬಿಡುವಿನಲ್ಲಿ ಅವನು ರಾಜನಕೋಳೂರಿನ ಶಿಲಾಗೋರಿಗಳನ್ನೂ ಜೇವರ್ಗಿ ಸುತ್ತಿನ ಕಲ್ಲುವೃತ್ತಗಳನ್ನೂ ಅಗೆದು, ಅಳೆದು, ಚಿತ್ರ ಬರೆದ. ದಖ್ಖನಿನ ಬೃಹತ್‌ಶಿಲಾ ಸಂಸ್ಕೃತಿಯ ಅಧ್ಯಯನದಲ್ಲಿ ಆ ಕೆಲಸಗಳು ಮೊದಲ ಹೆಜ್ಜೆಗಳು.

ಆದರೆ ಒಬ್ಬ ಅಧಿಕಾರಿಯ ಒಳ್ಳೆಯತನ ಪರಕೀಯ ಆಳ್ವಿಕೆಯನ್ನು ಒಳ್ಳೆಯದಾಗಿಸುವುದಿಲ್ಲ. 1858ರ ಫೆಬ್ರುವರಿಯಲ್ಲಿ ತರುಣ ದೊರೆ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ಹೋರಾಟ ಸೋತಿತು, ಹೈದರಾಬಾದಿನಲ್ಲಿ ಅವನು ಸೆರೆಯಾದ. ಅಲ್ಲಿ ಟೇಲರ್ ಅವನನ್ನು ಭೇಟಿಯಾದ. ಮರಣದಂಡನೆ ತಪ್ಪಿ ಶಿಕ್ಷೆ ಇಳಿಯಿತಾದರೂ, ಚೆಂಗಲಪಟ್ಟಿನ ಸೆರೆಗೆ ಸಾಗಿಸುವ ದಾರಿಯಲ್ಲೇ ದೊರೆ ಗುಂಡೇಟಿನಿಂದ ಪ್ರಾಣಬಿಟ್ಟ. ಸಂಸ್ಥಾನ ಅಳಿದು 1860ರಲ್ಲಿ ನಿಜಾಮನ ಪಾಲಾಯಿತು. ತಾನು ಬೆಳೆಸಿದ ಹುಡುಗನನ್ನಾಗಲಿ, ತಾನು ಕಟ್ಟಿದ ವ್ಯವಸ್ಥೆಯನ್ನಾಗಲಿ ಉಳಿಸಿಕೊಳ್ಳುವ ಶಕ್ತಿ ಟೇಲರನಿಗೆ ಇರಲಿಲ್ಲ. ಆ ಶಕ್ತಿ ಇದ್ದದ್ದು ಅವನ ಮೇಲಿನವರ ಕೈಯಲ್ಲಿ.

ಅದೇ ವರ್ಷ ಆರೋಗ್ಯ ಕೆಟ್ಟು ಅವನು ತಾಯ್ನಾಡಿಗೆ ಮರಳಿದ. ‘ತಾರಾ’, ‘ಸೀತಾ’ ಕಾದಂಬರಿಗಳನ್ನೂ ಭಾರತದ ಇತಿಹಾಸದ ಕೈಪಿಡಿಯನ್ನೂ ಬರೆದು 1876ರಲ್ಲಿ ತೀರಿಕೊಂಡ. ಮರುವರ್ಷ ಅಚ್ಚಾದ ಅವನ ಆತ್ಮಕಥೆ, ಹತ್ತೊಂಬತ್ತನೆಯ ಶತಮಾನದ ಸುರಪುರವನ್ನು ತಿಳಿಯಲು ಇಂದಿಗೂ ಮುಖ್ಯ ಆಧಾರ. ಅದು ಆಳುವವನ ಕಣ್ಣಿನ ನೋಟವೆಂಬ ಎಚ್ಚರ ಮಾತ್ರ ಓದುಗನಿಗೆ ಇರಬೇಕು.

ಪ್ರಾಣ ಕೊಟ್ಟ ದೊರೆಗೆ ಸುರಪುರದ ಮೊದಲ ಗೌರವ ಸಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗೆಂದು ಜನರ ದೂರು ಕೇಳಲು ಅವರ ನಡುವೆ ಕುಳಿತ ಅಧಿಕಾರಿಯನ್ನು ಮರೆಯಬೇಕಿಲ್ಲ. ಇವತ್ತಿನ ಅಧಿಕಾರಿಗಳು ಅವನಿಂದ ಕಲಿಯಬೇಕಾದದ್ದು ಇದು: ಆಳುವ ಮೊದಲು ಆ ನೆಲದ ಭಾಷೆ, ಕಾನೂನು, ಕಲ್ಲು ಮೂರನ್ನೂ ಓದಬೇಕು. ಟೇಲರ್ ಮಂಜಿಲ್ ಮತ್ತು ರಾಜನಕೋಳೂರಿನ ಶಿಲಾಗೋರಿಗಳನ್ನು ಜತನದಿಂದ ಕಾಯುವ ಕೆಲಸ ಸರ್ಕಾರದ್ದು. ಅವನ್ನು ಮಕ್ಕಳಿಗೆ ತೋರಿಸಿ ಈ ಕಥೆ ಹೇಳುವ ಕೆಲಸ ನಮ್ಮದು.