ಸಸಿಮಡಿ ಬೋಳಾದರೆ ತಪ್ಪು ಬೀಜದ್ದೇ?

ಭತ್ತದ ಸಸಿಮಡಿ ಅಲ್ಲಲ್ಲಿ ಬೋಳಾದರೆ ಮೊದಲು ಬೈಗುಳ ತಿನ್ನುವುದು ಬೀಜ. ಕಳಪೆ ಬೀಜ ಮಾರುವವರು ಇಲ್ಲವೆಂದಲ್ಲ. ಆದರೆ ಪ್ರಮಾಣಿತ ಭತ್ತದ ಬೀಜಕ್ಕೆ ಇರಬೇಕಾದ ಕನಿಷ್ಠ ಶೇ 80ರ ಮೊಳಕೆಯನ್ನು ಅಳೆಯುವುದು ಪ್ರಯೋಗಾಲಯದಲ್ಲಿ. ಅಲ್ಲಿ ಹದವಾದ ತೇವ, ಶಾಖ, ಗಾಳಿ ಎಲ್ಲವೂ ಇರುತ್ತವೆ, ರೋಗಾಣು ತುಂಬಿದ ಗದ್ದೆಮಣ್ಣು ಮಾತ್ರ ಇರುವುದಿಲ್ಲ. ಒಂದೇ ಚೀಲದ ಬೀಜ ಏರಿನಲ್ಲಿ ಒತ್ತಾಗಿ ಎದ್ದು, ಅದೇ ಮಡಿಯ ತಗ್ಗಿನಲ್ಲಿ ಕೊಳೆತಿದ್ದರೆ ವಿಚಾರಿಸಬೇಕಾದದ್ದು ಮಣ್ಣು ಮತ್ತು ನೀರನ್ನು.

ಭತ್ತ ನೀರಿನ ಬೆಳೆ, ನೀರು ನಿಂತರೆ ಅದಕ್ಕೇನು ಕೇಡು ಎಂದು ಕೇಳುವವರಿದ್ದಾರೆ. ಭತ್ತ ನೀರಡಿಯಲ್ಲೂ ಮೊಳೆಯುತ್ತದೆ, ನಿಜ. ಆದರೆ ಆಮ್ಲಜನಕ ಸಿಗದಿದ್ದಾಗ ಅದು ಎಳೆಮೊಳಕೆಯನ್ನು ಗಾಳಿಯತ್ತ ಉದ್ದಕ್ಕೆ ಚಾಚುತ್ತದೆ, ಬೇರು ಹಿಂದುಳಿಯುತ್ತದೆ. ಹೀಗೆ ಬಡವಾದ ಮೊಳಕೆ ಪಿಥಿಯಮ್, ಅಕ್ಲಿಯಾ ಎಂಬ ನೀರುಬೂಷ್ಟುಗಳಿಗೆ ಸುಲಭದ ತುತ್ತು. ಇವುಗಳ ಬೀಜಾಣುಗಳು ನೀರಿನಲ್ಲಿ ಈಜಿಕೊಂಡೇ ಬರುತ್ತವೆ. ಚಳಿಗೆ ಮೊಳಕೆ ನಿಧಾನವಾದಷ್ಟೂ ಅವಕ್ಕೆ ಹೆಚ್ಚು ಸಮಯ ಸಿಗುತ್ತದೆ. ಹಾಗೆಂದು ಮಡಿಯನ್ನು ಪೂರ್ತಿ ಒಣಗಿಸುವುದೂ ಪರಿಹಾರವಲ್ಲ: ಒಣ ಮಡಿಯಲ್ಲಿ, ಅದರಲ್ಲೂ ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ, ಕಬ್ಬಿಣ ಬೇರಿಗೆ ಸಿಗದೆ ಹೊಸ ಎಲೆ ಬಿಳಚಿಕೊಳ್ಳುತ್ತದೆ, ನೀರು ನಿಂತಾಗ ತಣ್ಣಗಿರುವ ಸ್ಕ್ಲೆರೋಶಿಯಮ್ ಶಿಲೀಂಧ್ರ ಒಣ ಮಡಿಯಲ್ಲಿ ಬುಡಕ್ಕೆ ಬಾಯಿ ಹಾಕುತ್ತದೆ. ಆದ್ದರಿಂದ ಮಡಿಯನ್ನು ಸಮಮಟ್ಟ ಮಾಡಿ, ಬೇರೂರುವ ತನಕ ತೇವವನ್ನಷ್ಟೇ ಕಾಪಾಡಿ, ಸಸಿ ಬೆಳೆದಂತೆ ತೆಳುವಾಗಿ ನೀರು ನಿಲ್ಲಿಸುವುದೇ ಸರಿ.

ಕಾರ್ಬೆಂಡಜಿಮ್‌ನಿಂದ ಬೀಜೋಪಚಾರ ಮಾಡಿದ ಮೇಲೂ ಕೊಳೆಯಿತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ಔಷಧಿ ಬೀಜದ ಜೊತೆಗೇ ಬರುವ, ಸಸಿಯನ್ನು ವಿಪರೀತ ಉದ್ದಕ್ಕೆ ಎಳೆಯುವ ಬಕಾನೆ ರೋಗಕ್ಕೆ ಉಪಯುಕ್ತ. ಪಿಥಿಯಮ್ ನಿಜವಾದ ಶಿಲೀಂಧ್ರವೇ ಅಲ್ಲ. ಅದಕ್ಕೆ ಈ ಔಷಧಿ ನಾಟುವುದಿಲ್ಲ, ಮೆಟಲಾಕ್ಸಿಲ್‌ನಂಥದ್ದು ಬೇಕು. ಇನ್ನು ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಸಿಂಧನೂರು ಕಡೆಯ ಸವುಳು ನೆಲದಲ್ಲಿ ಮೋಸ ಬೇರೆ ಬಗೆಯದು. ಉಪ್ಪನ್ನು ಭತ್ತ ಮೊಳೆಯುವಾಗ ಸಾಕಷ್ಟು ತಾಳಿಕೊಳ್ಳುತ್ತದೆ, ಎರಡು ಮೂರು ಎಲೆಯ ಹಂತದಲ್ಲಿ ಸೋಲುತ್ತದೆ. ಚೆನ್ನಾಗಿ ಎದ್ದ ಪೈರು ತುದಿ ಸುಟ್ಟು ಸಾಯುವುದನ್ನು ಕಂಡವರು ರೋಗವೆಂದೇ ತಿಳಿದು ಔಷಧಿ ಸುರಿಯುತ್ತಾರೆ. ಅಲ್ಲಿ ಬೇಕಾದದ್ದು ಒಳ್ಳೆಯ ನೀರು ಕಟ್ಟಿ ಉಪ್ಪನ್ನು ತೊಳೆಯುವುದು, ಆ ನೀರು ಹರಿದುಹೋಗಲು ಬಸಿಗಾಲುವೆ.