1988 ಡಿಕ್ಯೂ1 ಅಲಿಯಾಸ್ ರಾಮಾನುಜನ್

ರಾಮಾನುಜನ್ ಎಂದರೆ ಮೈಸೂರಿನವರಿಗೆ ಮೊದಲು ನೆನಪಾಗುವುದು ಇಲ್ಲೇ ಹುಟ್ಟಿದ ಎ.ಕೆ. ರಾಮಾನುಜನ್. ಮಂಗಳ ಮತ್ತು ಗುರುವಿನ ನಡುವೆ ಸೂರ್ಯನನ್ನು ಸುತ್ತುತ್ತಿರುವ 4130ನೇ ಕ್ಷುದ್ರಗ್ರಹಕ್ಕೂ ಅದೇ ಹೆಸರಿದೆ, ಆದರೆ ಅದು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರದು. ಅವರ ಜನ್ಮಶತಮಾನೋತ್ಸವ ಮುಗಿದು ಎರಡು ತಿಂಗಳಾಗುವಷ್ಟರಲ್ಲಿ, 1988ರ ಫೆಬ್ರುವರಿ 17ರಂದು ಈ ಕ್ಷುದ್ರಗ್ರಹ ಸಿಕ್ಕಿತು.

ಕಂಡುಹಿಡಿದವರು ಆರ್. ರಾಜಮೋಹನ್. ಜಾಗ ತಮಿಳುನಾಡಿನ ಜವ್ವಾದಿ ಬೆಟ್ಟಸಾಲಿನ ಕಾವಲೂರು. ಅಲ್ಲಿನ ವೀಕ್ಷಣಾಲಯ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ಗೆ ಸೇರಿದ್ದು. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ‘ಕಾಸ್ಮಾಸ್’ ತಾರಾಲಯ ಕಟ್ಟಲು ಹೊರಟ ಐಐಎ ಇದೇ. ಕಾವಲೂರಿಗೂ ಮೈಸೂರಿಗೂ ಅಕ್ಷಾಂಶದಲ್ಲಿ ಕಾಲು ಡಿಗ್ರಿಯಷ್ಟೇ ವ್ಯತ್ಯಾಸ. ಹಾಗಾಗಿ ಅಲ್ಲಿ ಕಾಣುವ ಆಕಾಶವೇ ಇಲ್ಲೂ ಕಾಣುತ್ತದೆ, ನಮ್ಮ ಬೀದಿದೀಪಗಳು ಬಿಟ್ಟರೆ.

ಕಾವಲೂರಿಗೆ ಮೊದಲು ಭಾರತದ ನೆಲದಿಂದ ಕ್ಷುದ್ರಗ್ರಹ ಹಿಡಿದವರು ಮದ್ರಾಸಿನ ಎನ್.ಆರ್. ಪಾಗ್ಸನ್. 1861ರಲ್ಲಿ ‘ಏಷ್ಯಾ’, ಕೊನೆಯದಾಗಿ 1885ರಲ್ಲಿ ‘ವೆರಾ’. ಆಮೇಲೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಏನೂ ಇಲ್ಲ.

ಹುಡುಕುವ ಉಪಾಯ ಸರಳ, ತಾಳ್ಮೆ ಮಾತ್ರ ಬಹಳ ಬೇಕು. ಆಕಾಶದ ಒಂದೇ ಭಾಗದ ಚಿತ್ರವನ್ನು ಬಿಡುವು ಕೊಟ್ಟು ಮತ್ತೆ ತೆಗೆಯಬೇಕು. ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಕ್ಷುದ್ರಗ್ರಹ ಸರಿದಿರುತ್ತದೆ. ಭೂಮಿಗೆ ಹತ್ತಿರವಿರುವಾಗಲೂ ಅದು ದಿನಕ್ಕೆ ಸರಿಯುವುದು ಹುಣ್ಣಿಮೆ ಚಂದ್ರನ ಸುಮಾರು ಅರ್ಧ ಅಗಲದಷ್ಟು. ಕಾವಲೂರಿನ 45 ಸೆಂ.ಮೀ. ಶ್ಮಿಟ್ ದೂರದರ್ಶಕ ಇಂಥ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಒಂದೇ ಚಿತ್ರದಲ್ಲಿ ಆಕಾಶದ ದೊಡ್ಡ ತುಂಡನ್ನೇ ಹಿಡಿಯುತ್ತಿತ್ತು.

ಸಿಕ್ಕ ಕೂಡಲೇ ಹೆಸರಿಡುವಂತಿಲ್ಲ. ಮೊದಲು ಸಿಗುವುದು ತಾತ್ಕಾಲಿಕ ಗುರುತು. ನನಗಂತೂ ಹೆಸರಿಗಿಂತ ಅದರಲ್ಲೇ ಸ್ವಾರಸ್ಯ ಹೆಚ್ಚು. ‘ಕೆಎ 09’ ಕಂಡರೆ ಮೈಸೂರಿನ ಗಾಡಿ ಎಂದು ಗೊತ್ತಾಗುವ ಹಾಗೆ ‘1988 ಡಿಕ್ಯೂ1’ ಎನ್ನುವುದನ್ನೂ ಓದಬಹುದು. ಇಸವಿಯ ಪಕ್ಕದ ‘ಡಿ’ ಎಂದರೆ ಫೆಬ್ರುವರಿಯ ಉತ್ತರಾರ್ಧ. ಜನವರಿಯ ಪೂರ್ವಾರ್ಧ ‘ಎ’, ಉತ್ತರಾರ್ಧ ‘ಬಿ’, ಹೀಗೆ. ಮುಂದಿನ ಅಕ್ಷರ ಸರದಿ. ‘ಐ’ ಬಿಟ್ಟು ಎಣಿಸಿದರೆ ‘ಕ್ಯೂ’ 16ನೆಯದು. ಕೊನೆಯ 1 ಎಂದರೆ 25 ಅಕ್ಷರಗಳ ಒಂದು ಸುತ್ತು ಮುಗಿದಿದೆ. ಅಂದರೆ ಆ ಪಕ್ಷದ 41ನೇ ಶೋಧ.

ಇದರ ಪಕ್ಕದಲ್ಲಿ ‘2005 ಇಎಕ್ಸ್296’ ಇಟ್ಟು ನೋಡಿ. ಅಮೆರಿಕದ ಕಿಟ್ ಪೀಕ್‌ನಲ್ಲಿ ಮಾರ್ಕ್ ಬ್ಯೂಯಿ ಕಂಡದ್ದು. 296 ಸುತ್ತು, ಮೇಲೆ ‘ಎಕ್ಸ್’, ಅಂದರೆ 23: ಮಾರ್ಚ್ ಪೂರ್ವಾರ್ಧದ 7,423ನೆಯದು! ಹದಿನೇಳು ವರ್ಷಗಳಲ್ಲಿ ಫೋಟೋ ಫಿಲ್ಮಿನ ಜಾಗಕ್ಕೆ ಎಲೆಕ್ಟ್ರಾನಿಕ್ ಕ್ಯಾಮೆರಾ, ಕಣ್ಣಿನ ಜಾಗಕ್ಕೆ ಕಂಪ್ಯೂಟರ್ ಬಂದಿದ್ದವು.

ಈ ಎರಡನೆಯದಕ್ಕೆ ಸಿಕ್ಕ ಹೆಸರು ಐಐಎ ಪ್ರಾಧ್ಯಾಪಕರಾಗಿದ್ದ ಜಯಂತ್ ಮೂರ್ತಿ ಅವರದು. ನಾಸಾದ ನ್ಯೂ ಹೊರೈಜನ್ಸ್ ಬಾಹ್ಯಾಕಾಶ ನೌಕೆಯ ತಂಡದಲ್ಲಿ ಅವರು ಮಾಡಿದ ಕೆಲಸಕ್ಕೆ ಸಂದ ಗೌರವ. ‘215884 ಜಯಂತ್‌ಮೂರ್ತಿ’ ಸೂರ್ಯನನ್ನು ಸುತ್ತಲು ತೆಗೆದುಕೊಳ್ಳುವುದು 3.3 ವರ್ಷ. ಇಷ್ಟು ಗೊತ್ತಾದರೆ ಕೆಪ್ಲರನ ನಿಯಮದಿಂದ ದೂರ ತಿಳಿಯುತ್ತದೆ: 3.3ರ ವರ್ಗ 10.89, ಅದರ ಘನಮೂಲ ಹತ್ತಿರ ಹತ್ತಿರ 2.2. ಭೂಮಿಗೂ ಸೂರ್ಯನಿಗೂ ಇರುವ ಅಂತರದ 2.2 ಪಟ್ಟು, ಸುಮಾರು 33 ಕೋಟಿ ಕಿ.ಮೀ. ಅಂದರೆ ಕ್ಷುದ್ರಗ್ರಹ ಪಟ್ಟಿಯ ಒಳ ಅಂಚು.

ಕಕ್ಷೆ ಖಚಿತವಾದ ಮೇಲೆ ಕಾಯಂ ಸಂಖ್ಯೆ, ಆಮೇಲೆ ಹೆಸರು. ಹೆಸರು ಸೂಚಿಸುವ ಹಕ್ಕು ಹತ್ತು ವರ್ಷ ಕಂಡುಹಿಡಿದವರದೇ. ಒಪ್ಪುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ದುಡ್ಡಿಗೆ ಸಿಗುವುದಿಲ್ಲ. ಹದಿನಾರು ಅಕ್ಷರ ಮೀರುವಂತಿಲ್ಲ. ರಾಜಕಾರಣಿಯಾದರೆ ತೀರಿಕೊಂಡು ನೂರು ವರ್ಷ ಕಳೆದಿರಬೇಕು. ನಮ್ಮೂರಿನ ರಸ್ತೆ, ವೃತ್ತಗಳಿಗೂ ಈ ನಿಯಮ ಇದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಈ ಎರಡು ಕ್ಷುದ್ರಗ್ರಹಗಳೂ ಬರಿಗಣ್ಣಿಗೆ, ಬೈನಾಕ್ಯುಲರಿಗೆ ನಿಲುಕುವುದಿಲ್ಲ. ನಿಲುಕುವುದು 4ನೇ ಸಂಖ್ಯೆಯ ವೆಸ್ಟಾ. ಸುಮಾರು 17 ತಿಂಗಳಿಗೊಮ್ಮೆ ಅದು ಸೂರ್ಯನಿಗೆ ಎದುರು ದಿಕ್ಕಿನಲ್ಲಿ ಬಂದು ಪ್ರಕಾಶಮಾನವಾಗುತ್ತದೆ. ದಸರಾ ದೀಪಾಲಂಕಾರ ಇಲ್ಲದ ದಿನ ನೋಡಿ, ಊರ ಹೊರಗೆ ಹೋಗಿ, ನಕ್ಷೆ ತೋರಿಸುವ ಜಾಗದ ಚುಕ್ಕೆಗಳನ್ನೆಲ್ಲ ಕಾಗದದ ಮೇಲೆ ಗುರುತು ಮಾಡಿಕೊಳ್ಳಿ. ಎರಡು ರಾತ್ರಿ ಬಿಟ್ಟು ಮತ್ತೆ ನೋಡಿ. ಜಾಗ ಬದಲಿಸಿದ್ದೇ ವೆಸ್ಟಾ.